ಓರೆ ಗೀಟಿನ ಪದ

ಕೈಲಾಂಚ
೩ ಜುಲೈ ೨೦೨೪

ಭಾನೂ,

ಕ್ಷೇಮ ಅಂತ ಶುರು ಮಾಡಬೇಕಂತೆ ಕಾಗದವನ್ನು. ಕ್ಷೇಮ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಗಂಟಲಲ್ಲಿ ಗಡ್ಡೆ ಎದ್ದಿದೆ. ಬೀಡಿಯ ಫಲ. 'ಒಸಿ ಗಂಟಲು ಕಟ್ಟೈತೆ ಅಷ್ಟೇಯ' ಅಂತ ನಿನ್ನ ಅವ್ವ ಫೋನಿನಲ್ಲಿ ಹೇಳಿರುವುದು ಸುಳ್ಳು. ಬೆಂಗಳೂರಿನ ಡಾಕ್ಟರು ಮಾತಿನ ಡಬ್ಬಿಯನ್ನೇ ತೆಗೆಯಬೇಕು ಅಂದಿದ್ದಾರೆ. ತೆಗೆದರೆ ಮಾತು ಹೋಗುತ್ತದೆ, ಬಿಟ್ಟರೆ ನಾನೇ ಹೋಗುತ್ತೇನೆ. ವರಮಹಾಲಕ್ಷ್ಮಿ ಹಬ್ಬ ಆದ ಮೇಲಿನ ಸೋಮವಾರ ಆಪರೇಷನ್. ಆಮೇಲೆ ಕತ್ತಿಗೆ ಯಾವುದೋ ಮಿಷನ್ನು ಒತ್ತಿಕೊಂಡು ಮಾತಾಡಬಹುದಂತೆ. ಆಸ್ಪತ್ರೆಯಲ್ಲಿ ಒಬ್ಬ ಆಡಿ ತೋರಿಸಿದ. ಪಂಪ್‌ಸೆಟ್ಟು ಮಾತಾಡಿದ ಹಾಗಿತ್ತು. ಅದು ಮಾತಲ್ಲ.

ಅಷ್ಟರೊಳಗೆ ನಿನ್ನ ಹತ್ತಿರ ಮಾತಾಡಬೇಕು. ಆಡುವ ಹಾಗಿಲ್ಲ.

ಯಾಕೆ ಅಂತ ನಿನಗೆ ಗೊತ್ತು. ಗೊತ್ತಿದ್ದರೂ ಬರೆಯುತ್ತೇನೆ, ನೀನು ಅದನ್ನು ಮುದುಕನ ಹಟ ಅಂದುಕೊಂಡಿದ್ದೀಯ. ನಾಲ್ಕು ವರ್ಷದ ಹಿಂದೆ ನಿನ್ನ ಅವ್ವನ ಅಣ್ಣ ಕೆಂಪಯ್ಯ ಗುಡೇಮಾರನಹಳ್ಳಿಯಿಂದ ಜನ ಕಟ್ಟಿಕೊಂಡು ಬಂದು, ಮಗ ಮುನೇಶನಿಗೆ ನಿನ್ನನ್ನು ತಂದುಕೊಳ್ಳುವ ವೀಳ್ಯ ಹಿಡಿದು ಕೂತಿದ್ದ. ನೀನು ನಡುಮನೆಯಲ್ಲಿ ನಿಂತು 'ನಾನು ಟರ್ಕಿಗೆ ಓದೋಕೆ ಹೋಗ್ತೀನಿ, ಸೀಟು ಸಿಕ್ಕೈತೆ' ಅಂದೆ. ಕೆಂಪಯ್ಯ ನನ್ನನ್ನು ಮಾರಮ್ಮನ ಗುಡಿಗೆ ಎಳೆದುಕೊಂಡು ಹೋದ. ಅವನ ಮುಂದೆ, ನಿನ್ನ ತಮ್ಮ ದೀಪು ತಲೆಯ ಮೇಲೆ ಕೈಯಿಟ್ಟು, 'ಇವಳ ಕೂಡೆ ಬಾಯಿ ಬಿಟ್ಟರೆ ನನ್ನ ಮಗನನ್ನು ನೀನೇ ತಕ್ಕೋ ತಾಯಿ' ಅಂದೆ. ನನ್ನ ಬಾಯಿ ಎಂಥದು ಅಂತ ನಿನಗೆ ಹೇಳಬೇಕಾಗಿಲ್ಲ.

ಆಣೆಯನ್ನು ಯಾರ ಮುಂದೆ ಇಟ್ಟೆವೋ ಅವರೇ ಬಿಡಿಸಬೇಕು. ಮುನೇಶನಿಗೆ ಬೇರೆ ಹೆಣ್ಣು ತಂದು ಮಕ್ಕಳೂ ಆಗಿವೆ. ಆದರೂ ಕೆಂಪಯ್ಯ ಬಿಡಿಸುವುದಿಲ್ಲ ಅನ್ನುತ್ತಾನೆ.

ಮೊನ್ನೆ ನೀನು ಅವ್ವನಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕೊಟ್ಟಿಗೆಯಲ್ಲಿದ್ದ ನನ್ನ ಕಿವಿಗೆ ಬಿತ್ತು. ಆ ದೇಶದ ಹಳೇ ಕಾಲದ ಜನ ಮಣ್ಣಿನ ಹಲಗೆಯ ಮೇಲೆ ಒಂದು ಶಾಸ್ತ್ರ ಬರೆದಿಟ್ಟಿದ್ದಾರೆ, ಅಪ್ಪನೂ ಮಗಳೂ ಜಗಳವಾಡಿ ಆಣೆ ಇಟ್ಟುಕೊಂಡರೆ ಅದನ್ನು ಬಿಡಿಸುವ ಶಾಸ್ತ್ರ ಅಂದೆ. ಕೊನೆಯಲ್ಲಿ ಒಂದು ಪದ ಇದೆ, ಆ ಪದ ಹೇಳುವುದನ್ನು ಮಾಡಿದ ಮೇಲೆ ಅವರು ಮಾತಾಡುತ್ತಾರೆ, ಅದರ ಅರ್ಥ ಯಾರಿಗೂ ತಿಳಿದಿಲ್ಲ, ಅದೇ ನನ್ನ ಓದು ಅಂದೆ.

ಬೇಗ ಓದು. ಮಾರಮ್ಮನಿಗಿಂತ ಹಳೆಯ ದೇವರ ಶಾಸ್ತ್ರ ಅದು. ಹಳೆಯ ದೇವರು ಬಿಚ್ಚಿದ್ದನ್ನು ಹೊಸ ದೇವರು ಕಟ್ಟುವುದಿಲ್ಲ. ಆ ಪದಕ್ಕೆ ಏನು ಅರ್ಥ? ಅವರು ಏನು ಮಾಡಿದರು? ಬರೆ.

ದೀಪು ಇದನ್ನು ಫೋಟೋ ಹೊಡೆದು ಕಳಿಸುತ್ತಾನೆ. ನಿನ್ನ ಉತ್ತರವನ್ನು ರಾಮನಗರದಲ್ಲಿ ಜೆರಾಕ್ಸ್ ಅಂಗಡಿಯ ದಿಲ್ಶಾದ್ ಕಾಗದಕ್ಕೆ ಇಳಿಸಿಕೊಡುತ್ತಾಳೆ.

ನಿನ್ನ ಅಪ್ಪ
ಬೋರಲಿಂಗಯ್ಯ


ಅಂಕಾರಾ
೬ ಜುಲೈ ೨೦೨೪

ಅಪ್ಪ,

ನಿನ್ನ ಸಹಿ ನೋಡಿದ್ದೆ, ನಿನ್ನ ಅಕ್ಷರ ನೋಡಿರಲಿಲ್ಲ. ಒತ್ತಿ ಒತ್ತಿ ಬರೆದಿದ್ದೀಯ. ಫೋಟೋದಲ್ಲೂ ಕಾಗದ ಹರಿದಿರುವುದು ಕಾಣುತ್ತದೆ.

ತಕ್ಷಣ ಹೊರಟು ಬರುತ್ತೇನೆ ಅಂತ ಅವ್ವನಿಗೆ ಹೇಳಿದೆ. ಅವಳು ಅಳುತ್ತಾ ಬೇಡ ಅಂದಳು. ಇಲ್ಲಿ ಇರಲು ಕೊಡುವ ಪರ್ಮಿಟ್ಟು ಮುಗಿದಿದೆ, ಹೊಸದಕ್ಕೆ ಅರ್ಜಿ ಹಾಕಿದ್ದೇನೆ. ಅದು ಕೈಗೆ ಬರುವ ಮುಂಚೆ ಗಡಿ ದಾಟಿದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ. ಆದರೂ ನೀನು ಒಂದು ಮಾತು ಹೇಳು, ಬರುತ್ತೇನೆ. ಬರೆದರೂ ಸಾಕು.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಇಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ ಹಿಟ್ಟೈಟರು ಅನ್ನುವ ಜನ ಆಳುತ್ತಿದ್ದರು. ಹಸಿ ಜೇಡಿಮಣ್ಣನ್ನು ತಟ್ಟಿ, ಕಡ್ಡಿಯಿಂದ ಒತ್ತಿ ಒತ್ತಿ ಬರೆಯುತ್ತಿದ್ದರು. ನಾನು ಓದುತ್ತಿರುವ ಹಲಗೆ ಅಂಗೈಯಷ್ಟೇ ಇದೆ. ಮನೆಯಲ್ಲಿ ಮಾತು ಮುರಿದರೆ ಒಬ್ಬ ಮುದುಕಿಯನ್ನು ಕರೆಸುತ್ತಾರೆ. ಅವಳು ಹಿಟ್ಟಿನಲ್ಲಿ ನಾಲಿಗೆಗಳನ್ನು ಮಾಡಿ, ಇಬ್ಬರಿಗೂ ನಿವಾಳಿಸಿ, 'ಆ ದಿನದ ನಾಲಿಗೆಗಳು ಸುಟ್ಟುಹೋಗಲಿ' ಅಂತ ಬೆಂಕಿಗೆ ಹಾಕುತ್ತಾಳೆ. ಆಮೇಲೆ ಅಪ್ಪ ಮಗಳ ಮುಂದೆ ಏನನ್ನೋ ಮಾಡುತ್ತಾನೆ. ಆ 'ಏನನ್ನೋ' ಅನ್ನುವುದೇ ಆ ಪದ.

ಅದರ ಮುಂದೆ ಬರೆದವನು ಎರಡು ಓರೆ ಗೀಟು ಒತ್ತಿದ್ದಾನೆ. ಇದು ನಮ್ಮ ಮಾತಲ್ಲ, ಹೊರಗಿನದು ಅಂತ ತೋರಿಸುವ ಗುರುತು ಅದು. ಮುದುಕಿ ದಕ್ಷಿಣದ ಸೀಮೆಯವಳು, ತನ್ನ ತವರಿನ ಪದ ಹೇಳಿದ್ದಾಳೆ, ಅವನು ಕೇಳಿದ ಹಾಗೆ ಬರೆದುಕೊಂಡಿದ್ದಾನೆ. ಸಿಕ್ಕಿರುವ ಸಾವಿರಾರು ಹಲಗೆಗಳಲ್ಲಿ ಇನ್ನೆಲ್ಲೂ ಆ ಪದ ಇಲ್ಲ. ನಾಲ್ಕು ವರ್ಷದಿಂದ ಆ ಎರಡು ಗೀಟು ನೋಡುತ್ತಾ ಕೂತಿದ್ದೇನೆ ಅಪ್ಪ.

ಮಾರಮ್ಮ ಯಾರ ಮಗನನ್ನೂ ತೆಗೆದುಕೊಳ್ಳುವುದಿಲ್ಲ. ಫೋನು ಎತ್ತು.

ಭಾನುಪ್ರಿಯ


ಕೈಲಾಂಚ
೧೫ ಜುಲೈ ೨೦೨೪

ಭಾನೂ,

ತೆಗೆದುಕೊಳ್ಳುವುದಿಲ್ಲ ಅಂತ ನಿನಗೆ ಯಾರು ಹೇಳಿದರು? ನೀನು ಮಾರಮ್ಮನನ್ನು ಕೇಳಿದೆಯಾ? ತಲೆ ನಿನ್ನ ಮಗನದ್ದಾಗಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಬುದ್ಧಿ ಹೇಳು ಅಂತ ಕೇಳಲಿಲ್ಲ, ಪದ ಕೇಳಿದೆ.

ಬರಬೇಡ. ಬಂದು ಎದುರಿಗೆ ನಿಂತರೆ ನಾನು ಹಸು ನೋಡಿದ ಹಾಗೆ ನೋಡುತ್ತಾ ನಿಲ್ಲಬೇಕಾ? ಬಿಟ್ಟು ಬಂದರೆ ಓದು ಹೋಗುತ್ತದೆ. ಆ ಓದಿಗೋಸ್ಕರ ತಾನೇ ಇಷ್ಟೆಲ್ಲ ಆದದ್ದು? ಅದೂ ಹೋದರೆ ಯಾವ ಪುರುಷಾರ್ಥಕ್ಕೆ ಆಯಿತು?

ಹಿಟ್ಟಿನ ನಾಲಿಗೆ ಮಾಡಿದೆ. ಯಾವ ಹಿಟ್ಟು ಅಂತ ನೀನು ಬರೆದಿರಲಿಲ್ಲ, ಮನೆಯಲ್ಲಿ ಇದ್ದದ್ದು ರಾಗಿ. ಒಲೆ ಮುಂದೆ ಕೂತು ತಟ್ಟುತ್ತಿದ್ದಾಗ ನಿನ್ನ ಅವ್ವ ಬಂದಳು.

'ಏನದು ಮಾಡ್ತಾ ಕುಂತಿರೋದು?'

'ನಾಲ್ಗೆ.'

'ಇರೋದೊಂದು ಸಾಲ್ದಾ? ಅದೊಂದ್ರಿಂದ್ಲೇ ಮನೆ ಮೂರಾಬಟ್ಟೆ ಆಗೈತೆ, ಇನ್ನೂ ಮಾಡ್ತಾವ್ರಂತೆ!'

'ಹಿಟ್ಟೈಟ್ ಜನದ ಶಾಸ್ತ್ರ ಕಣೆ. ನಿನ್ ಮಗಳೇ ಬರ್ದವ್ಳೆ.'

'ಹಿಟ್ಟಿನ್ ಜನಾನೋ ಮುದ್ದೆ ಜನಾನೋ. ಅಣ್ಣನ್ ಕಾಲು ಹಿಡ್ದಿದ್ರೆ ಇಷ್ಟೊತ್ಗೆ ಮುಗ್ದೋಗದು.'

ಅಷ್ಟು ಅಂದವಳು ನಿಲ್ಲಲಿಲ್ಲ, ಒಳಗೆ ಹೋಗಿ ನಿನ್ನ ಎಸ್ಸೆಸ್ಸೆಲ್ಸಿ ಫೋಟೋ ತಂದು ನನ್ನ ಪಕ್ಕದಲ್ಲಿಟ್ಟಳು. ಇಬ್ಬರಿಗೂ ಸೇರಿಸಿ ಅವಳೇ ನಿವಾಳಿಸಿದಳು. ಬೆಂಕಿಗೆ ಹಾಕಿದ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಹೋದಳು.

ಕಾಲೂ ಹಿಡಿದೆ. ಅದನ್ನು ಅವಳಿಗೆ ಹೇಳಿಲ್ಲ, ನೀನೂ ಹೇಳಬೇಡ. ಗುಡೇಮಾರನಹಳ್ಳಿಗೆ ಹೋದೆ. ಕೆಂಪಯ್ಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಹಿಡಿದುಕೊಂಡೆ.

'ಬುಟ್ಬುಡು ಭಾವ. ಗಂಟ್ಲು ಹೋಯ್ತದೆ ನಂದು.'

'ಅವ್ಳು ಬಂದು ನನ್ ಹೊಸ್ಲಲ್ಲಿ ನಿಂತ್ಕಂಡು ತಪ್ಪಾಯ್ತು ಅನ್ಲಿ. ಬುಡ್ತೀನಿ.'

'ತಪ್ಪೇನ್ ಮಾಡವ್ಳೆ ಅವ್ಳು, ತಪ್ಪಾಯ್ತು ಅನ್ನಕ್ಕೆ?'

ಬಾಯಿ ಜಾರಿ ಬಂದುಬಿಟ್ಟಿತು. ಅವನು ಕಾಲು ಎಳೆದುಕೊಂಡ. 'ಹಂಗಾದ್ರೆ ಆವತ್ತು ಗುಡೀಲಿ ಅರಚಿದ್ಯಾಕೆ? ಜನದ್ ಮುಂದೆ ನನ್ ಮೂತಿ ಉಳಿಸಕ್ಕಾ? ಹೋಗು, ಆಣೆ ಹಂಗೇ ಇರ್ಲಿ.' ನೀರೂ ಕುಡಿಯದೆ ಸೋಲೂರಿಗೆ ನಡೆದು ಬಂದು ಬಸ್ಸು ಹತ್ತಿದೆ.

ಉಳಿದಿರುವುದು ನಿನ್ನ ಪದ ಒಂದೇ. ಧ್ವನಿ ಈಗಲೇ ಒಡೆದು ಬರುತ್ತಿದೆ. ಬೆಳಿಗ್ಗೆ ಹೊತ್ತು ಒಸಿ ಇರುತ್ತದೆ, ಸಂಜೆ ಹೊತ್ತಿಗೆ ಬರೀ ಗಾಳಿ. ನಿನ್ನ ಪ್ರೊಫೆಸರಮ್ಮನನ್ನು ಕೇಳು. ಅಷ್ಟು ಓದಿದವರಿಗೆ ಒಂದು ಪದ ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ.

ಅಪ್ಪ


ಅಂಕಾರಾ
೨೦ ಜುಲೈ ೨೦೨೪

ಅಪ್ಪ,

ಪದ ಸಿಕ್ಕಿತು.

ಅದರ ಅರ್ಥ ಹೀಗೆ. ಆಣೆ ಇಟ್ಟವನು ಒಂದು ಚೊಂಬು ನೀರು ಹಿಡಿದು, ಅವತ್ತು ಆಡಿದ ಮಾತನ್ನು ಹಾಗೆಯೇ ಆ ನೀರಿಗೆ ಆಡಿ, ಹರಿಯುವ ಹೊಳೆಗೆ ಚೆಲ್ಲುವುದು. ಮಾತು ನೀರಿನೊಂದಿಗೆ ಹೋಗುತ್ತದೆ. ಬೇರೆ ಯಾರೂ ಬಿಡಿಸಬೇಕಾಗಿಲ್ಲ. ಪಕ್ಕಾ, ನಾನೇ ನೋಡಿದ್ದೇನೆ.

ಮುಂದಿನ ಶನಿವಾರದೊಳಗೆ ಮಾಡಿಬಿಡು. ಅವತ್ತು ಸಂಜೆ ಅವ್ವನ ಫೋನಿಗೆ ಮಾಡುತ್ತೇನೆ. ನೀನು ತೆಗೆದುಕೋ. ಏನಾದರೂ ಹೇಳು. ಬೈದರೂ ಸರಿ.

ಭಾನು


ಕೈಲಾಂಚ
೨೯ ಜುಲೈ ೨೦೨೪

ಭಾನುಪ್ರಿಯ,

ಇದನ್ನು ದಿಲ್ಶಾದ್ ಕೈಲಿ ಫೋಟೋ ಹೊಡೆಸಿದ್ದೇನೆ. ದೀಪು ಕೈಲಿ ಆಗುವುದಿಲ್ಲ.

ನೀನು ಹೇಳಿದ ಹಾಗೇ ಮಾಡಿದೆ. ಅರ್ಕಾವತಿಗೆ ಚೊಂಬು ಹಿಡಿದು ಹೋದೆ. ಅಲ್ಲಿ ಈಗ ಏನು ಹರಿಯುತ್ತದೆ ಅಂತ ನಿನಗೆ ಗೊತ್ತು, ಮೂಗು ಮುಚ್ಚಿಕೊಂಡು ನಿಂತು ಆಡಿದೆ, ಚೆಲ್ಲಿದೆ. ಶನಿವಾರ ನಿನ್ನ ಫೋನು ಬಂತು. ಅವ್ವ ನನ್ನ ಕೈಗೆ ಕೊಟ್ಟಳು. 'ಅಪ್ಪಾ' ಅಂದೆ ನೀನು. ನಾನು 'ಕೂಸೇ' ಅಂದೆ. ಅಷ್ಟೇ ಅಂದದ್ದು. ಮುಂದಕ್ಕೆ ಬರೀ ಗಾಳಿ ಬಂತು, ಫೋನು ಅವ್ವನಿಗೆ ಕೊಟ್ಟೆ.

ಭಾನುವಾರ ಬೆಳಿಗ್ಗೆ ದೀಪು ಹಾಲಿನ ವ್ಯಾನು ಹೊಡೆದುಕೊಂಡು ಹೋದವನು ಊರ ತಿರುವಿನಲ್ಲಿ ಮಗುಚಿಕೊಂಡ. ನಾನು ಓಡಿ ಹೋದಾಗ ರಸ್ತೆಯ ತುಂಬಾ ಹಾಲು. ಕ್ಯಾನುಗಳ ಅಡಿಯಲ್ಲಿ ಅವನ ಕಾಲು ಹಿಂದುಮುಂದಾಗಿ ಬಿದ್ದಿತ್ತು. ಮಾತು ಇರಲಿಲ್ಲ, ಕಣ್ಣು ಮೇಲಕ್ಕೆ ಹೋಗಿತ್ತು. ನಾನು ಅಲ್ಲೇ ಮಣ್ಣಿನಲ್ಲಿ ಬಿದ್ದು ಮಾರಮ್ಮನಿಗೆ ತಪ್ಪಾಯಿತು ಅಂದೆ. ಆಮೇಲೆ ಅವನು ಉಸಿರು ಎಳೆದ. ಜೀವ ಇದೆ. ಎರಡು ಕಡೆ ಮೂಳೆ ಮುರಿದಿದೆ.

ಒಂದು ಮಾತಿಗೆ ಒಂದು ಕಾಲು. ಎರಡನೇ ಮಾತು ಆಡಿದ್ದರೆ?

ಎಂಥ ಓದು ನಿನ್ನದು? ಪಕ್ಕಾ ಅಂತ ಬರೆದಿದ್ದೆಯಲ್ಲ!

ಬೋರಲಿಂಗಯ್ಯ


ಅಂಕಾರಾ
೧ ಆಗಸ್ಟ್ ೨೦೨೪

ಅಪ್ಪ,

ಅದು ಸುಳ್ಳು. ನಾನೇ ಕಟ್ಟಿ ಬರೆದದ್ದು.

ಆ ಪದದ ಅರ್ಥ ನನಗೆ ಗೊತ್ತಿಲ್ಲ. ಪ್ರೊಫೆಸರಮ್ಮನನ್ನು ಕೇಳಿದೆ, ನಿನ್ನ ಕಾಗದ ಓದಿ ಅವರ ಭಾಷೆಗೆ ತಿರುಗಿಸಿ ಹೇಳಿದೆ. ಅವರು 'ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದೂ ನಮ್ಮ ಕೆಲಸ' ಅಂದರು. ನಾನು ಮನೆಗೆ ಬಂದು ನಿನಗೆ ಸುಳ್ಳು ಬರೆದೆ. ನಿನ್ನ ಧ್ವನಿ ಹೋಗಿಬಿಡುತ್ತದೆ ಅನ್ನುವುದೊಂದೇ ತಲೆಯಲ್ಲಿತ್ತು. ಕೈಯಲ್ಲಿರುವುದು ಅರ್ಥ ಕಾಣದ ಒಂದು ಪದ, ಅದರೊಳಗೆ ನನಗೆ ಬೇಕಾದ್ದನ್ನು ತುಂಬಿದೆ.

ಒಂದು ಪದ ಕೊಟ್ಟೆ, ನೀನು 'ಕೂಸೇ' ಅಂದೆ. ಅದನ್ನು ಕೇಳಿಸಿಕೊಂಡು ರಸ್ತೆಯಲ್ಲಿ ನಿಂತು ಅತ್ತೆ. ಮಾರನೇ ದಿನ ದೀಪು.

ನಾಯಿ ಅಡ್ಡ ಬಂತು ಅಂತ ದೀಪು ತಾನೇ ಹೇಳಿದ. ನನಗೆ ಅದು ನಾಯಿ. ನಿನಗೆ ಅಲ್ಲ, ಮತ್ತೆ ಯಾವತ್ತೂ ಅಲ್ಲ. ಅದೇ ನಾನು ಮಾಡಿದ ಕೆಡುಕು. ನಾನು ಸುಮ್ಮನಿದ್ದಿದ್ದರೆ ನೀನು ಹೆದರಿಕೊಂಡಾದರೂ ಇನ್ನೊಂದು ದಾರಿ ಹುಡುಕುತ್ತಿದ್ದೆ. ಈಗ ನಿನ್ನ ಬಾಯಿಗೆ ನಾನೇ ಬೀಗ ಹಾಕಿದೆ.

ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಆ ಪದದ ಮುಂದಕ್ಕೆ ಹಲಗೆಯೇ ಒಡೆದುಹೋಗಿದೆ. ಅಪ್ಪ ಮಗಳು ಮಾತಾಡಿದರು ಅನ್ನುವವರೆಗೆ ಇದೆ. ಏನು ಮಾತಾಡಿದರು ಅನ್ನುವ ಚೂರು ಇಲ್ಲ.

ನಾನು ಬರುತ್ತಿದ್ದೇನೆ. ಪರ್ಮಿಟ್ಟು ಏನಾದರೂ ಆಗಲಿ. ಎದುರಿಗೆ ನಿಲ್ಲುತ್ತೇನೆ, ನೀನು ಹಸು ನೋಡಿದ ಹಾಗೇ ನೋಡು.

ಭಾನು


ಕೈಲಾಂಚ
೯ ಆಗಸ್ಟ್ ೨೦೨೪

ಭಾನೂ,

ಬರಬೇಡ ಅಂದಿದ್ದೇನೆ. ಮೂರನೇ ಸಲ ಬರೆಸಬೇಡ.

ಸುಳ್ಳು ಬರೆದದ್ದಕ್ಕೆ ಸಿಟ್ಟಿಲ್ಲ. ಇತ್ತು, ನಿನ್ನೆಯವರೆಗೆ. ನಿನ್ನೆ ದೀಪು ಆ ಕಾಗದ ಓದಿ ನನ್ನ ಮೇಲೆ ಹರಿಹಾಯ್ದ. 'ನನ್ ತಲೆ ಮ್ಯಾಲೆ ಕೈ ಇಡೋವಾಗ ನನ್ನ ಒಂದ್ ಮಾತು ಕೇಳಿದ್ಯೇನಪ್ಪ? ಸಂತೇಲಿ ಕುರಿ ತಲೆ ಮುಟ್ದಂಗೆ ಮುಟ್ಬುಟ್ಟೆ. ಈಗ ನಾನ್ ಹೇಳ್ತಾವ್ನಿ, ಮಾತಾಡು. ಸತ್ರೆ ಸಾಯ್ತೀನಿ.' ನಾನು ಕೆನ್ನೆಗೆ ಬಾರಿಸಿದೆ. ಕಾಲು ಮುರಿದವನಿಗೆ.

ಅವನು ಹೇಳಿದ್ದು ನ್ಯಾಯವೇ. ಆದರೆ ಅವನು ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ನೋಡಿದರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದು ಕಣ್ಣು ನೀನು, ಒಂದು ಕಣ್ಣು ಅವನು. ಯಾವುದಕ್ಕೆ ಚುಚ್ಚಲಿ?

ಹೇಳಬೇಕಾದ್ದನ್ನು ಬರೆದರೆ ಆಯಿತಲ್ಲ ಅನ್ನುತ್ತಾಳೆ ನಿನ್ನ ಅವ್ವ. ಎರಡು ಸಲ ಕೂತೆ. ಆರನೇ ಕ್ಲಾಸು ಬಿಟ್ಟವನ ಕೈಗೆ ಸಿಟ್ಟು ಬರೆಯುವುದಕ್ಕೆ ಬರುತ್ತದೆ, ಅದು ಬರುವುದಿಲ್ಲ. ನಿನ್ನನ್ನು ಬಾಯ ಮಾತಿನಲ್ಲೇ ಸಾಕಿದೆ, ಬಾಯಿಂದಲೇ ಹೇಳಬೇಕು.

ಇನ್ನು ಬರೆಯುವುದಿಲ್ಲ. ನಿನ್ನ ಹಲಗೆ ನೀನು ಓದಿಕೋ.

ಅಪ್ಪ


ಕೈಲಾಂಚ
೨೪ ನವೆಂಬರ್ ೨೦೨೪

ಭಾನೂ,

ವಾಪಸು ಹೋಗುವವರೆಗೆ ಅಂತ ನೀನು ಸೇರಿಕೊಂಡಿರುವ ಮೈಸೂರಿನ ಹಾಸ್ಟೆಲ್ಲಿನಿಂದ ಬರೆದದ್ದು ತಲುಪಿತು. ಟರ್ಕಿಯವರು ಇನ್ನೂ ವೀಸಾ ಕೊಟ್ಟಿಲ್ಲ ಅಂತ ಓದಿದೆ. ಬರಬೇಡ ಅಂತ ಬಡಿದುಕೊಂಡೆ. ಇರಲಿ.

ನೀನು ಏನೂ ಕೇಳಿಲ್ಲ, ಆದರೂ ಆಪರೇಷನ್ನಿನ ಆ ಸೋಮವಾರದ್ದು ಬರೆಯುತ್ತೇನೆ. ನೀನು ನೋಡಿದ್ದು ಕೊನೆಯದು ಮಾತ್ರ.

ಬೆಳಿಗ್ಗೆ ನನಗೆ ಹಸಿರು ಅಂಗಿ ತೊಡಿಸಿ ಮಲಗಿಸಿದ್ದರು. ದೀಪು ಕಾಣಿಸಲಿಲ್ಲ. ಅವನು ಹಿಂದಿನ ದಿನವೇ ಆಟೋ ಮಾಡಿಸಿಕೊಂಡು, ಆ ಕಾಲಿನಲ್ಲಿ, ಗುಡೇಮಾರನಹಳ್ಳಿಗೆ ಹೋಗಿ ಕೆಂಪಯ್ಯನ ಹೊಸ್ತಿಲ ಮೇಲೆ ಅಡ್ಡಡ್ಡ ಕೂತಿದ್ದನಂತೆ. 'ಮಾವ, ನೀನು ನಮ್ಮಪ್ಪ ಸೇರ್ಕಂಡು ನನ್ ಪ್ರಾಣ ಅಡ ಇಟ್ಟಿದ್ದೀರ. ನಾನ್ ನಿಂಗೇನ್ ಮಾಡಿದ್ದೆ, ಅದ್ ಹೇಳು, ಎದ್ದೋಯ್ತೀನಿ' ಅಂದನಂತೆ. ಮನೆಯ ಹೆಂಗಸರು ಅವನನ್ನು ದಾಟಲಾರದೆ ಒಳಗೇ ನಿಂತರಂತೆ. ಕೊನೆಗೆ ಕೆಂಪಯ್ಯನೇ ಅವನ ಕೈ ಹಿಡಿದು ಎಬ್ಬಿಸಿದನಂತೆ.

ಬೆಳಿಗ್ಗೆ ಆಸ್ಪತ್ರೆಗೆ ಇಬ್ಬರೂ ಬಂದರು. ಕೆಂಪಯ್ಯ ನನ್ನ ಮುಖ ನೋಡಲಿಲ್ಲ, ಕಿಟಕಿ ನೋಡಿಕೊಂಡು ಹೇಳಿದ. 'ನಿಂಗೋಸ್ಕರ ಅಲ್ಲ ಭಾವ, ಈ ಕುಂಟ್ ನನ್ ಮಗನ್ಗೋಸ್ಕರ. ಮಾರಮ್ಮನ ಮುಂದೆ ನಾನ್ ಹೇಳ್ಕಂಡು ಬಂದಿವ್ನಿ. ಬುಟ್ಟೆ. ಆಡ್ಕೋ.' ಬಾಟಲಿಯಲ್ಲಿ ಗುಡಿಯ ತೀರ್ಥ ತಂದಿದ್ದ. ಬಾಯಿಗೆ ನೀರು ಹಾಕಬಾರದು ಅಂತ ನರ್ಸಮ್ಮ ಬೈದಳು, ತಲೆಗೆ ಚಿಮುಕಿಸಿದ. ನಾಲ್ಕು ವರ್ಷದ ಕಲ್ಲು ಎದೆಯಿಂದ ಇಳಿಯಿತು. ಫೋನು ಕೊಡ್ರೋ, ಮಗಳಿಗೆ ಮಾಡ್ರೋ ಅಂದೆ. ದೀಪು ನಕ್ಕ. 'ಫೋನ್ಯಾಕಪ್ಪ, ಅಕ್ಕ ಇಳ್ದಾಯ್ತು. ಏರ್‌ಪೋರ್ಟಿಂದ ಬತ್ತಾವ್ಳೆ.'

ಮಲಗಿಕೊಂಡೇ ಜೋಡಿಸಿದೆ. ಮೊದಲು ಇದು ಹೇಳಬೇಕು, ಆಮೇಲೆ ಇದು. ಹರಿದ ಗಂಟಲಿನಲ್ಲಿ ಎಷ್ಟು ಮಾತು ಹೊರಡುತ್ತದೆ ಅಂತ ಅಳೆದುಕೊಂಡೆ. ಆ ಹೊತ್ತಿಗೆ ತಳ್ಳುವ ಮಂಚ ಬಂತು, ನನ್ನನ್ನು ಅದಕ್ಕೆ ಹಾಕಿದರು. ಥಿಯೇಟರಿನ ಬಾಗಿಲು ತೆರೆದರು. ಆಗ ನೀನು ಕಾರಿಡಾರಿನ ಕೊನೆಯಿಂದ, ಬ್ಯಾಗು ಎಸೆದು, ಓಡಿ ಬಂದೆ. ಕಡ್ಡಿಯಾಗಿದ್ದೆ. ತಲೆ ಬಾಚಿರಲಿಲ್ಲ. ನಿನ್ನ ಓದು, ನಿನ್ನ ಪರ್ಮಿಟ್ಟು ಎಲ್ಲ ಒಟ್ಟಿಗೆ ನನ್ನ ಕಣ್ಣಿಗೆ ಬಂತು. ನೀನು ಮಂಚದ ಕಂಬಿ ಹಿಡಿದೆ.

ನಾನು ಹೇಳಿದೆ. 'ಓದೋದ್ ಬುಟ್ಬುಟ್ಟು ಯಾಕೇ ಬಂದೆ? ಯಾರ್ ಕರೆದ್ರು ನಿನ್ನ?'

ಬಾಗಿಲು ಮುಚ್ಚಿತು.

ಇನ್ನೂ ಒಂದು ಉಸಿರು ಕೊಟ್ಟಿದ್ದರೆ ಸಾಕಾಗಿತ್ತು. ಒಳಗೆ ಮೂಗಿಗೆ ಮುಚ್ಚಳ ಇಡುವಾಗ 'ಒಂದ್ ನಿಮಿಷ ಹೊರಗ್ ಬುಡಿ ಸ್ವಾಮಿ' ಅಂದೆ. ಡಾಕ್ಟರು ಕೇಳಿಸಿಕೊಳ್ಳಲಿಲ್ಲ. ನನ್ನ ಬಾಯಿಂದ ಕೊನೆಗೆ ಬಂದದ್ದು ಅದೇ, ಯಾರೋ ಗೊತ್ತಿಲ್ಲದ ಡಾಕ್ಟರಿಗೆ.

ಆಮೇಲೆ ನೀನು ಪಕ್ಕದಲ್ಲಿ ಕೂತಿದ್ದೆ, ಮೂಗಿನ ನಳಿಗೆಗೆ ಗಂಜಿ ಬಿಡುತ್ತಿದ್ದೆ, ಸ್ಲೇಟು ಕೊಟ್ಟು ಬರಿ ಅಂದೆ. ನಾನು 'ಉಪ್ಪು ಕಮ್ಮಿ' ಅಂತ ಬರೆದೆ. ನಳಿಗೆಯಲ್ಲಿ ಹೋಗುವುದಕ್ಕೆ ಉಪ್ಪೆಲ್ಲಿ ತಿಳಿಯುತ್ತದೆ? ಕೈಗೆ ಅಷ್ಟೇ ಬಂತು.

ಈಗ ನೀನು ಹೀಗೆ ಬರೆದಿದ್ದೀಯ: ಆ ಪದವನ್ನು ಹಾಗೆಯೇ ಬಿಟ್ಟಿದ್ದೇನೆ, ಅರ್ಥ ತಿಳಿಯದು ಅಂತ ಬರೆದು ಪ್ರೊಫೆಸರಮ್ಮನಿಗೆ ಕಳಿಸಿದ್ದೇನೆ, ಅವರು ಒಪ್ಪಿದ್ದಾರೆ ಅಂತ. ಒಳ್ಳೆಯದಾಯಿತು. ವೀಸಾ ಬಂದರೆ ಒಡೆದುಹೋದ ಆ ಚೂರನ್ನು ಮ್ಯೂಸಿಯಮ್ಮಿನ ಡಬ್ಬಗಳಲ್ಲಿ ಹುಡುಕುತ್ತೇನೆ, ಅವರಿಬ್ಬರು ಏನು ಮಾತಾಡಿದರೋ ನೋಡಬೇಕು ಅಂತಲೂ ಬರೆದಿದ್ದೀಯ.

ಅದನ್ನು ಹುಡುಕಬೇಡ. ಆ ಅಪ್ಪನೂ ನನ್ನಂಥವನೇ ಆಗಿದ್ದರೆ, ಅಷ್ಟೆಲ್ಲ ಶಾಸ್ತ್ರ ಮಾಡಿಸಿಕೊಂಡು, ಕೊನೆಗೆ ಬಾಯಿ ಬಿಟ್ಟು ಏನೋ ಒಂದು ಬೊಗಳಿರುತ್ತಾನೆ. ಆ ಚೂರು ಮಣ್ಣಾಗಿದ್ದಕ್ಕೆ ಬದುಕಿಕೊಂಡ.

ಆದರೆ ಅವನು ಹೇಳಬೇಕು ಅಂತಿದ್ದದ್ದು ಬೇರೆ ಅಂತ ಅವನ ಮಗಳಿಗೆ ತಿಳಿಯಿತೋ ಇಲ್ಲವೋ, ನೀನು ಅಷ್ಟು ಓದಿದವಳು, ಅದೊಂದನ್ನು ನನಗೆ ಬರೆದು ತಿಳಿಸು. ಸುಳ್ಳಾದರೂ ಸರಿ.

ಅಪ್ಪ